ಲಕ್ಷದ ಗಿಟಾರಿಗೆ ಸ್ಕ್ರೂಡ್ರೈವರ್ ಹಾಕಬಹುದಾ?

ಈ ಸಲ ಬಂದ ಪತ್ರಗಳಲ್ಲಿ ಎಲೆಕ್ಟ್ರಿಕ್ ಗಿಟಾರಿನವೇ ಜಾಸ್ತಿ. ಅದೂ ಕಲಿಯೋಕೆ ಅಂತ ಕೊಳ್ಳುವ ಗಿಟಾರ್ ಅಲ್ಲ. ಗಿಬ್ಸನ್, ಫೆಂಡರ್, ಪಿಆರ್‌ಎಸ್ ಅನ್ನುವ ಅಮೆರಿಕದ ದುಬಾರಿ ಕಂಪನಿಗಳದ್ದು! ಒಂದು ಕಾಲಕ್ಕೆ ನಮ್ಮ ಕಡೆ ಇಂಥ ಗಿಟಾರ್ ನೋಡಬೇಕು ಅಂದರೆ ಬೆಂಗಳೂರಿಂದ ಬಂದ ದೊಡ್ಡ ಆರ್ಕೆಸ್ಟ್ರಾದ ಸ್ಟೇಜಿಗೆ ಮೂಗು ತಾಗಿಸಿ ನಿಲ್ಲಬೇಕಿತ್ತು. ಈಗ ವಿದ್ಯಾನಗರದಲ್ಲೂ ಇದೆ, ಚಳ್ಳಕೆರೆಯಲ್ಲೂ ಇದೆ. ಸಂತೋಷ. ಆದರೆ ತಂದವರಿಗೆಲ್ಲ ಒಂದೇ ಭಯ, ಮುಟ್ಟಿದರೆ ಏನಾಗಿಬಿಡುತ್ತೋ ಅಂತ. ಆದ್ದರಿಂದ ಈ ಸಂಚಿಕೆ ಪೂರ್ತಿ ಅದಕ್ಕೇ.

ಪ್ರಶ್ನೆ: ಸರ್, ನಾನು ಬ್ಯಾಂಕ್ ಉದ್ಯೋಗಿ. ಕಾಲೇಜಿನಲ್ಲಿ ಬಿಟ್ಟ ಗಿಟಾರನ್ನು ಈಗ ಮತ್ತೆ ಹಿಡಿದಿದ್ದೇನೆ. ಹೋದ ವರ್ಷ ಗಿಬ್ಸನ್ ಲೆಸ್ ಪಾಲ್ ತಗೊಂಡೆ. ಮನೆಯಲ್ಲಿ ಪೂರ್ತಿ ಬೆಲೆ ಹೇಳಿಲ್ಲ. ಗೆಳೆಯರೆಲ್ಲ ಪಿಕಪ್ ಬದಲಾಯಿಸು, ವೈರಿಂಗ್ ಬದಲಾಯಿಸು ಅಂತಾರೆ. ನನಗೆ ಸ್ಕ್ರೂಡ್ರೈವರ್ ಹಿಡಿದರೆ ಕೈ ನಡುಗುತ್ತದೆ. ಇಷ್ಟು ದುಡ್ಡು ಕೊಟ್ಟ ಮೇಲೂ ಬದಲಾಯಿಸೋದು ಇರುತ್ತಾ?
– ವಿದ್ಯಾನಗರ, ದಾವಣಗೆರೆ

ಉತ್ತರ: ಬೆಲೆಯ ವಿಷಯ ನಿಮ್ಮ ಮನೆಗೆ ಬಿಟ್ಟಿದ್ದು, ನಾನು ತಲೆ ಹಾಕಲ್ಲ. ಬಿಲ್ ಮಾತ್ರ ಎಸೆಯಬೇಡಿ, ಮುಂದೆ ಮಾರುವಾಗ ಬೇಕಾಗುತ್ತದೆ. ಗಿಟಾರ್ ಕೇಸಿನೊಳಗೆ ಇಡಬೇಡಿ, ಸಿಕ್ಕಿಬೀಳ್ತೀರಿ.

ಕೈ ಹಾಕಬಹುದಾ ಅಂದರೆ, ಧಾರಾಳವಾಗಿ ಹಾಕಿ. ನನ್ನ ಲೆಕ್ಕ ಸರಳ. ಸ್ಕ್ರೂ ಬಿಚ್ಚಿ ಮಾಡುವ ಕೆಲಸ, ಸೋಲ್ಡರ್ ಬಿಡಿಸಿ ಮಾಡುವ ಕೆಲಸ, ಎಲ್ಲ ಮಾಡಿ. ಇಷ್ಟ ಆಗಲಿಲ್ಲ ಅಂದರೆ ಹಳೆಯದನ್ನೇ ವಾಪಸ್ ಕೂರಿಸಬಹುದು. ಉಳಿ, ಡ್ರಿಲ್, ಉಪ್ಪುಕಾಗದ ಬೇಕು ಅಂದ ತಕ್ಷಣ ಕೈ ಹಿಂದಕ್ಕೆ ತಗೊಳ್ಳಿ. ಮರ ಒಮ್ಮೆ ಹೋದರೆ ಹೋಯಿತು, ಅದರ ಜೊತೆ ಗಿಟಾರಿನ ಮರುಮಾರಾಟದ ಬೆಲೆಯೂ.

ಇನ್ನು ಪಿಕಪ್, ಅಂದರೆ ತಂತಿಯ ಕಂಪನ ಹಿಡಿದು ಆಂಪ್ಲಿಫೈಯರ್‌ಗೆ (ಆಂಪ್) ಕಳಿಸುವ ಭಾಗ. ಬದಲಾಯಿಸುವ ಮುಂಚೆ ಇರುವ ಪಿಕಪ್‌ನ ಎತ್ತರ ಸರಿ ಮಾಡಿ ನೋಡಿದ್ದೀರಾ? ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ, ಆದರೂ ಹತ್ತರಲ್ಲಿ ಒಂಬತ್ತು ಜನ ಮಾಡಿರಲ್ಲ. ಲೆಸ್ ಪಾಲ್‌ನಲ್ಲಿ ಪಿಕಪ್ ಸುತ್ತ ಪ್ಲಾಸ್ಟಿಕ್ ರಿಂಗ್ ಇದೆಯಲ್ಲ, ಅದರ ಎರಡು ಬದಿಯ ಮಧ್ಯದಲ್ಲಿ ಒಂದೊಂದು ಸ್ಕ್ರೂ ಇರುತ್ತದೆ. ಮೂಲೆಯ ನಾಲ್ಕು ಸ್ಕ್ರೂ ಅಲ್ಲ, ಅವು ರಿಂಗನ್ನೇ ಹಿಡಿದಿರುವುದು, ಅವನ್ನು ಮುಟ್ಟಬೇಡಿ. ಆರನೇ, ಅಂದರೆ ಎಲ್ಲಕ್ಕಿಂತ ದಪ್ಪ ತಂತಿಯನ್ನು ಕೊನೆಯ ಫ್ರೆಟ್‌ನಲ್ಲಿ (ಫ್ರೆಟ್ ಅಂದರೆ ಕತ್ತಿನ ಮೇಲಿನ ಅಡ್ಡ ಲೋಹದ ಪಟ್ಟಿ) ಒತ್ತಿ ಹಿಡಿದು, ತಂತಿಗೂ ಪಿಕಪ್‌ಗೂ ನಡುವೆ ಎಷ್ಟು ಜಾಗ ಇದೆ ನೋಡಿ. ಸುಮಾರು 2 ಮಿ.ಮೀ. ಇಂದ ಶುರು ಮಾಡಿ. ಕುತ್ತಿಗೆ ಕಡೆಯ ಪಿಕಪ್ ಗೊಜಗೊಜ ಅನ್ನುತ್ತಿದ್ದರೆ ದಪ್ಪ ತಂತಿಯ ಕಡೆ ಅರ್ಧ ಸುತ್ತು ಇಳಿಸಿ, ಮತ್ತೆ ನುಡಿಸಿ, ಮತ್ತೆ ಅರ್ಧ ಸುತ್ತು. ಮಂಜು ಸರಿದ ಹಾಗೆ ಒಂದೊಂದೇ ಸ್ವರ ಬಿಡಿಬಿಡಿಯಾಗಿ ಕೇಳೋಕೆ ಶುರುವಾಗುತ್ತದೆ. ಬಹಳ ಜನ ಹೊಸ ಪಿಕಪ್‌ಗೆ ಕೊಡಲು ಹೊರಟ ದುಡ್ಡು ಇಲ್ಲೇ ಉಳಿಯುತ್ತದೆ.

ಆಮೇಲೆ ಸೆಟಪ್. ಅಂದರೆ ಕತ್ತು ಎಷ್ಟು ಬಾಗಿದೆ, ತಂತಿ ಎಷ್ಟು ಎತ್ತರದಲ್ಲಿದೆ, ನಟ್‌ನ (ಕತ್ತಿನ ತುದಿಯಲ್ಲಿ ತಂತಿ ಕೂರುವ ಸಣ್ಣ ಪಟ್ಟಿ) ಸೀಳಿನಲ್ಲಿ ತಂತಿ ಸಲೀಸಾಗಿ ಜಾರುತ್ತಾ, ಹನ್ನೆರಡನೇ ಫ್ರೆಟ್‌ನಲ್ಲಿ ಸ್ವರ ಸರಿಯಾಗಿ ಬರುತ್ತಾ. ಎಷ್ಟೇ ದುಬಾರಿ ಗಿಟಾರ್ ಆದರೂ ಕಾರ್ಖಾನೆಯಲ್ಲಿ ಮಾಡಿದ ಸೆಟಪ್ ಸಮುದ್ರ ದಾಟಿ ನಮ್ಮೂರಿಗೆ ಬರುವಷ್ಟರಲ್ಲಿ ಹಾಗೇ ಇರಲ್ಲ. ಸೆಟಪ್ ಮಾಡಿಸದೆ ಪಿಕಪ್ ಹಾಕಿಸುವುದು ವೀಲ್ ಅಲೈನ್‌ಮೆಂಟ್ ಮಾಡಿಸದೆ ಹೊಸ ಟೈರ್ ಹಾಕಿಸಿದ ಹಾಗೆ. ಲೆಸ್ ಪಾಲ್‌ನ ಮೂರನೇ ತಂತಿ, ಅಂದರೆ ಜಿ, ಪದೇ ಪದೇ ಶ್ರುತಿ ತಪ್ಪುತ್ತದೆ ಅಂತ ನೀವೂ ಬೈದುಕೊಂಡಿರುತ್ತೀರಿ. ನಟ್ ದಾಟಿದ ಮೇಲೆ ತಂತಿ ಪಕ್ಕಕ್ಕೆ ಓರೆಯಾಗಿ ಹೋಗುವುದರಿಂದ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಟ್ಯೂನ್ ಮಾಡುವಾಗ ಟಿಂಗ್ ಅಂತ ಸಣ್ಣ ಶಬ್ದ ಬಂದರೆ ಇದೇ ಕಾರಣ. ಮೆತ್ತಗಿನ ಪೆನ್ಸಿಲ್‌ನ ಸೀಸವನ್ನು ನಟ್‌ನ ಆ ಸೀಳಿಗೆ ಉಜ್ಜಿ ನೋಡಿ.

ಇಷ್ಟೆಲ್ಲ ಆದ ಮೇಲೂ ಮನಸ್ಸು ತಡೆಯದಿದ್ದರೆ ಪಿಕಪ್ ಬದಲಾಯಿಸಿ, ನಾನು ಬೇಡ ಅನ್ನಲ್ಲ. ಅದರಲ್ಲಿ ಸುಖ ಇದೆ. ಹಾಗೆ ನೋಡಿದರೆ 1972ರಲ್ಲಿ ಡಿಮಾರ್ಜಿಯೋ ಕಂಪನಿಯ ಸೂಪರ್ ಡಿಸ್ಟಾರ್ಷನ್ ಬಂದ ಮೇಲೆಯೇ ಗಿಟಾರ್ ಕೊಂಡು ಅದರ ಪಿಕಪ್ ಬೇರೆ ಹಾಕುವ ಚಟ ಜಗತ್ತಿಗೆ ಸರಿಯಾಗಿ ಅಂಟಿದ್ದು. ಸೆಮೋರ್ ಡಂಕನ್, ಬೇರ್ ನಕಲ್, ಎಲ್ಲರೂ ಆಮೇಲಿನವರು. ನಿಮ್ಮ ಗಿಟಾರಿನ ಹಿಂದಿನ ಮುಚ್ಚಳ ತೆಗೆದು ಮೊದಲು ಒಂದು ಫೋಟೋ ತೆಗೆದುಕೊಳ್ಳಿ. ಕೆಲವು ಮಾಡೆಲ್‌ಗಳಲ್ಲಿ ಬಿಡಿ ವೈರ್ ಇರಲ್ಲ, ಸರ್ಕ್ಯೂಟ್ ಬೋರ್ಡ್ ಇರುತ್ತದೆ, ಅದಕ್ಕೆ ತಕ್ಕ ಹಾಗೆ ಕೆಲಸ. ಹಂಬಕರ್‌ಗೆ, ಅಂದರೆ ಎರಡು ಕಾಯಿಲ್‌ನ ಪಿಕಪ್‌ಗೆ, ಸಾಮಾನ್ಯವಾಗಿ 500ಕೆ ಓಮ್‌ನ ಪಾಟ್ (ದನಿ ಏರಿಸಿ ಇಳಿಸಲು ತಿರುಗಿಸುವ ಭಾಗ), ಒಂದೇ ಕಾಯಿಲ್ ಇರುವ ಸಿಂಗಲ್ ಕಾಯಿಲ್‌ಗೆ 250ಕೆ. ತೆಗೆದ ಹಳೆ ಪಿಕಪ್, ಸ್ಕ್ರೂ, ಸ್ಪ್ರಿಂಗ್ ಎಲ್ಲ ಒಂದು ಕವರ್‌ಗೆ ಹಾಕಿ, ಮೇಲೆ ತಾರೀಕು ಬರೆದು ಇಡಿ. ಈ ಕವರ್ ಕಳೆದುಕೊಂಡವರು ಮಾರುವಾಗ ಪರದಾಡಿದ್ದನ್ನು ಬೇಕಾದಷ್ಟು ನೋಡಿದ್ದೇನೆ.

ಪ್ರಶ್ನೆ: ಅಣ್ಣಾ, ನಂದು ಅಮೆರಿಕನ್ ಸ್ಟ್ರಾಟ್, ಅಂದರೆ ಫೆಂಡರ್ ಸ್ಟ್ರಾಟೋಕಾಸ್ಟರ್. ಬೆಂಗಳೂರಲ್ಲಿ ಇದ್ದಾಗ ಬೆಣ್ಣೆ ಥರ ಇತ್ತು. ಕೆಲಸ ಬಿಟ್ಟು ಊರಿಗೆ ಬಂದ ಮೇಲೆ, ಫೆಬ್ರವರಿ–ಮಾರ್ಚ್ ಬಂತು ಅಂದರೆ ತಂತಿ ಗಿರಗಿರ ಅನ್ನುತ್ತದೆ. ಕತ್ತಿನ ಅಂಚಿನಲ್ಲಿ ಫ್ರೆಟ್ ಕೈಗೆ ಚುಚ್ಚುತ್ತದೆ. ಗಿಟಾರ್ ಕೆಟ್ಟುಹೋಯಿತಾ?
– ಜೆ.ಸಿ.ಆರ್. ಬಡಾವಣೆ, ಚಿತ್ರದುರ್ಗ

ಉತ್ತರ: ಕೆಟ್ಟಿಲ್ಲ ತಮ್ಮಾ, ಒಣಗಿದೆ ಅಷ್ಟೇ. ದುರ್ಗದ ಗಾಳಿ ನಿನಗೆ ನಾನು ಹೇಳಬೇಕಾ? ಸುತ್ತ ಗುಡ್ಡದ ಮೇಲೆ ಗಾಳಿಯಂತ್ರ ಸುಮ್ನೆ ನಿಲ್ಲಿಸಿದ್ದಾರಾ? ಚಳಿ ಮುಗಿದು ಮಳೆ ಬರುವವರೆಗೆ ಆ ಗಾಳಿಯಲ್ಲಿ ತೇವ ಅನ್ನೋದು ಇರಲ್ಲ. ಮರ ತೇವ ಬಿಟ್ಟು ಕುಗ್ಗುತ್ತದೆ, ಆದರೆ ಫ್ರೆಟ್ ಲೋಹ, ಅದು ಕುಗ್ಗಲ್ಲ. ಹಾಗಾಗಿ ಅದರ ತುದಿ ಮರದಿಂದ ಹೊರಗೆ ಇಣುಕುತ್ತದೆ. ಫಿಂಗರ್‌ಬೋರ್ಡ್, ಅಂದರೆ ಕತ್ತಿನ ಮೇಲೆ ಫ್ರೆಟ್ ಕೂರಿಸಿದ ಹಲಗೆ, ಕುಗ್ಗಿದಾಗ ಕತ್ತಿನ ಸಣ್ಣ ಬಾಗು ಹೋಗಿ ನೆಟ್ಟಗಾಗುತ್ತದೆ, ಕೆಲವೊಮ್ಮೆ ಹಿಂದಕ್ಕೂ ಬಾಗುತ್ತದೆ. ತಂತಿ ಫ್ರೆಟ್‌ಗೆ ತಾಗಿ ಗಿರಗಿರ ಅನ್ನುವುದು ಅದಕ್ಕೇ.

ಮೊದಲು ಅಳತೆ. ಪಿ.ಬಿ. ರಸ್ತೆಯಲ್ಲೋ ನಿಮ್ಮೂರಿನ ಯಾವ ಆಟೋಮೊಬೈಲ್ ಅಂಗಡಿಯಲ್ಲೋ ಫೀಲರ್ ಗೇಜ್ ಕೇಳು. ಮೆಕ್ಯಾನಿಕ್‌ಗಳು ವಾಲ್ವ್ ಸಂದು ಅಳೆಯುವ ತೆಳ್ಳನೆಯ ತಗಡುಗಳ ಕಟ್ಟು ಅದು. ಗಿಟಾರಿಗೆ ಅಂತಲೇ ಮಾರುವುದಕ್ಕೆ ಜಾಸ್ತಿ ದುಡ್ಡು ಕೊಡಬೇಡ, ತಗಡು ಅದೇ. ಮೊದಲನೇ ಫ್ರೆಟ್‌ಗೆ ಕ್ಯಾಪೋ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್) ಹಾಕಿ, ಆರನೇ ತಂತಿಯನ್ನು ಕೊನೆಯ ಫ್ರೆಟ್‌ನಲ್ಲಿ ಒತ್ತಿ ಹಿಡಿ. ಈಗ ಏಳು–ಎಂಟನೇ ಫ್ರೆಟ್ ಮೇಲೆ ತಂತಿಗೂ ಫ್ರೆಟ್‌ಗೂ ಸುಮಾರು 0.25 ಮಿ.ಮೀ. ಸಂದು ಇರಬೇಕು. ಸಂದೇ ಇಲ್ಲ ಅಂದರೆ ಟ್ರಸ್ ರಾಡ್, ಅಂದರೆ ಕತ್ತಿನ ಬಾಗು ಸರಿ ಮಾಡುವ ಒಳಗಿನ ಲೋಹದ ಸರಳು, ಸ್ವಲ್ಪ ಸಡಿಲಿಸಬೇಕು. ಎಡಕ್ಕೆ ಕಾಲು ಸುತ್ತು ಸಾಕು. ಮತ್ತೆ ಶ್ರುತಿ ಮಾಡಿ, ಅಳೆದು ನೋಡಿ, ಬೇಕಾದರೆ ಇನ್ನು ಕಾಲು ಸುತ್ತು.

ಇಲ್ಲಿ ಒಂದು ವಿಷಯ ಗಮನ ಇಟ್ಟು ಓದು. ಅಮೆರಿಕದ ಗಿಟಾರ್ ಅಂದರೆ ಅಲೆನ್ ಕೀ ಇಂಚಿನ ಲೆಕ್ಕದ್ದು. ನಿನ್ನ ಸ್ಟ್ರಾಟ್‌ನ ಟ್ರಸ್ ರಾಡ್‌ಗೆ ಸಾಮಾನ್ಯವಾಗಿ 1/8 ಇಂಚಿನ ಕೀ. ನಮ್ಮ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವುದು ಮಿ.ಮೀ. ಕೀ. 3 ಮಿ.ಮೀ. ಕೀ ಒಳಗೆ ಹೋಗುತ್ತದೆ, ತಿರುಗಿದ ಹಾಗೂ ಅನಿಸುತ್ತದೆ, ಆದರೆ ಅದು ಸಣ್ಣದು. ಮೂಲೆ ಸವೆದು ಒಳಗಿನ ಷಟ್ಕೋನ ಗುಂಡಗಾಯಿತು ಅಂದರೆ ಆ ಕತ್ತಿನ ಕಥೆ ಮುಗಿದ ಹಾಗೇ. ಗಿಟಾರ್ ಜೊತೆ ಬಂದ ಕೀಗಳ ಪೊಟ್ಟಣ ಇರುತ್ತಲ್ಲ, ಅದನ್ನು ಹುಡುಕು.

ಚುಚ್ಚುವ ಫ್ರೆಟ್‌ಗಳನ್ನು ಈಗಲೇ ಉಜ್ಜಿಸಬೇಡ. ಮೊದಲು ಮರಕ್ಕೆ ನೀರುಣಿಸು. ಒಂದು ಸಣ್ಣ ತೇವಮಾಪಕ ಕೇಸಿನಲ್ಲಿ ಹಾಕು, ಶೇಕಡ 45ರಿಂದ 55ರ ಒಳಗೆ ಇರುವ ಹಾಗೆ ನೋಡಿಕೋ. ಗಿಟಾರಿನ ತೇವದ ಪೊಟ್ಟಣಗಳು ಸಿಗುತ್ತವೆ. ಇಲ್ಲ ಅಂದರೆ ತೂತು ಮಾಡಿದ ಸೋಪಿನ ಡಬ್ಬಿಯಲ್ಲಿ ಹಿಂಡಿದ ಸ್ಪಂಜ್ ಇಟ್ಟು ಕೇಸಿನ ಖಾನೆಯಲ್ಲಿ ಇಡು, ನೀರು ತೊಟ್ಟಿಕ್ಕಬಾರದು ಅಷ್ಟೇ. ಕೂಲರ್ ಗಾಳಿಗೆ ನೇರ ಇಡಬೇಡ. ಬಿಸಿಲು ಬೀಳುವ ಗೋಡೆಗೆ ತೂಗು ಹಾಕಬೇಡ. ಎರಡು–ಮೂರು ವಾರದಲ್ಲಿ ಎಷ್ಟೋ ಫ್ರೆಟ್ ತಾನಾಗಿ ಒಳಗೆ ಹೋಗುತ್ತದೆ. ಆಮೇಲೂ ಚುಚ್ಚಿದರೆ ಆಗ ಕೆಲಸ ಗೊತ್ತಿದ್ದವರ ಹತ್ತಿರ ತುದಿ ಉಜ್ಜಿಸು. ಬೀಟೆ ಫಿಂಗರ್‌ಬೋರ್ಡ್ ಆಗಿದ್ದರೆ ವರ್ಷಕ್ಕೆ ಒಂದೆರಡು ಸಲ ಲೆಮನ್ ಆಯಿಲ್ ಒರೆಸಬಹುದು. ಮೇಪಲ್ ಆಗಿದ್ದರೆ ಬೇಡ, ಅದರ ಮೇಲೆ ವಾರ್ನಿಷ್ ಇರುತ್ತದೆ, ಎಣ್ಣೆ ಒಳಗೇ ಹೋಗಲ್ಲ.

ಪ್ರಶ್ನೆ: ನಾನು ರಸಮಂಜರಿ ತಂಡದಲ್ಲಿ ಗಿಟಾರ್ ನುಡಿಸುತ್ತೇನೆ. ಸಾಲ ಮಾಡಿ ಫೆಂಡರ್ ಟೆಲಿಕಾಸ್ಟರ್ ತಂದೆ. ಹಳ್ಳಿ ಸ್ಟೇಜಿನಲ್ಲಿ ಸಿಕ್ಕಾಪಟ್ಟೆ ಗುಂಯ್ ಅನ್ನುತ್ತದೆ. ಕೆಲವು ಕಡೆ ಕೋರಸ್ ಹಾಡೋಕೆ ಮೈಕ್ ಹತ್ತಿರ ಹೋದರೆ ತುಟಿಗೆ ಷಾಕ್ ಹೊಡೆಯುತ್ತದೆ. ಹಂಬಕರ್ ಹಾಕಿಸಿದರೆ ಸರಿ ಹೋಗುತ್ತಾ?
– ಹರಿಹರ

ಉತ್ತರ: ಇವು ಎರಡು ಬೇರೆ ಬೇರೆ ವಿಷಯ. ಷಾಕ್ ಮೊದಲು, ಯಾಕೆಂದರೆ ಅದರಲ್ಲಿ ಜೀವ ಹೋಗುತ್ತದೆ.

ಗಿಟಾರಿನಲ್ಲಿ ಕರೆಂಟ್ ಇಲ್ಲ ಅಣ್ಣ. ಅದರ ತಂತಿ ಆಂಪ್‌ನ ಅರ್ಥಿಂಗ್‌ಗೆ ಸೇರಿರುತ್ತದೆ. ಮೈಕಿನ ಜಾಲರಿ ಸೌಂಡ್‌ನವರ ಮಿಕ್ಸರ್‌ನ ಅರ್ಥಿಂಗ್‌ಗೆ ಸೇರಿರುತ್ತದೆ. ಎರಡೂ ಬೇರೆ ಬೇರೆ ಲೈನಿನಿಂದ ಬಂದು, ಒಂದರ ಅರ್ಥಿಂಗ್ ಸರಿ ಇಲ್ಲ ಅಂದರೆ, ನಡುವೆ ಸಿಕ್ಕಿಹಾಕಿಕೊಳ್ಳುವವರು ನೀವು. ಕೈ ತಂತಿ ಮೇಲೆ, ತುಟಿ ಮೈಕ್ ಮೇಲೆ. ಮಳೆ ಬಂದು ಸ್ಟೇಜ್ ಒದ್ದೆಯಾಗಿದ್ದರೆ ಕೇಳಲೇಬೇಡಿ. ಇದಕ್ಕೆ ಯಾವ ಪಿಕಪ್ಪೂ ಔಷಧಿ ಅಲ್ಲ. ಎಕ್ಸ್‌ಟೆನ್ಷನ್ ಬಾಕ್ಸಿನ ಮೂರನೇ ಪಿನ್ ಮುರಿದು ಹಾಕಿದ್ದರೆ ಆ ಬೋರ್ಡ್ ಬೇಡ ಅನ್ನಿ. ಆಂಪ್ ಮತ್ತು ಮಿಕ್ಸರ್ ಒಂದೇ ಕಡೆಯ, ಅರ್ಥಿಂಗ್ ಇರುವ ಲೈನಿನಿಂದ ಎಳೆಸಿ. ಬ್ಯಾಗಿನಲ್ಲಿ ಒಂದು ಮಲ್ಟಿಮೀಟರ್ ಇರಲಿ. ಎಸಿ ವೋಲ್ಟಿಗೆ ಇಟ್ಟು ಒಂದು ಕಡ್ಡಿ ಆಂಪ್‌ಗೆ ಸೇರಿಸಿದ ಗಿಟಾರಿನ ಬ್ರಿಡ್ಜ್‌ಗೆ (ಬಾಡಿಯ ಮೇಲೆ ತಂತಿ ಕೂರುವ ಲೋಹದ ಭಾಗ), ಇನ್ನೊಂದು ಮೈಕಿನ ಜಾಲರಿಗೆ ತಾಗಿಸಿ. ಸೊನ್ನೆಯ ಹತ್ತಿರ ಇರಬೇಕು. ಹತ್ತಾರು ವೋಲ್ಟ್ ತೋರಿಸಿದರೆ ಎಲೆಕ್ಟ್ರಿಷಿಯನ್ ಬರುವವರೆಗೆ ಆ ಗಿಟಾರ್ ಮುಟ್ಟಬೇಡಿ, ಸಮಿತಿಯವರು ಎಷ್ಟೇ ಅವಸರ ಮಾಡಲಿ. ಗಿಟಾರಿಗೆ ವೈರ್‌ಲೆಸ್ ತಗೊಂಡರೆ ನಿಮಗೂ ಆಂಪ್‌ಗೂ ನಡುವೆ ತಂತಿಯೇ ಇರಲ್ಲ. ನಿಮ್ಮ ಥರ ಊರೂರು ಸುತ್ತುವವರಿಗೆ ಹೊಸ ಪಿಕಪ್‌ಗಿಂತ ಮೊದಲು ನಾನು ಹೇಳುವುದು ಇದನ್ನೇ.

ಇನ್ನು ಗುಂಯ್. ಟೆಲಿಕಾಸ್ಟರ್‌ನ ಪಿಕಪ್ ಸಿಂಗಲ್ ಕಾಯಿಲ್. ಅಯಸ್ಕಾಂತದ ಸುತ್ತ ಕೂದಲೆಳೆಯ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಅದು ಗಿಟಾರ್ ತಂತಿಯ ಕಂಪನವನ್ನೂ ಹಿಡಿಯುತ್ತದೆ, ಸ್ಟೇಜಿನ ಸೀರಿಯಲ್ ಲೈಟು, ಡಿಮ್ಮರ್, ಜನರೇಟರ್ ಎಲ್ಲದರ 50 ಹರ್ಟ್ಜ್ ಗುಂಯ್‌ಗುಡಿತವನ್ನೂ ಹಿಡಿಯುತ್ತದೆ. ಗಿಬ್ಸನ್‌ನಲ್ಲಿದ್ದ ಸೆತ್ ಲವರ್ ಅನ್ನುವ ಎಂಜಿನಿಯರ್ ಇದಕ್ಕೆ ಎರಡು ಕಾಯಿಲ್ ಪಕ್ಕಪಕ್ಕ ಇಟ್ಟು, ಒಂದರಲ್ಲಿ ಬಂದ ಗುಂಯ್ ಇನ್ನೊಂದರಲ್ಲಿ ಬಂದದ್ದನ್ನು ಹೊಡೆದುಹಾಕುವ ಹಾಗೆ ಮಾಡಿದರು. 1955ರಲ್ಲಿ ಪೇಟೆಂಟ್‌ಗೆ ಅರ್ಜಿ, 1957ರಿಂದ ಗಿಬ್ಸನ್ ಗಿಟಾರುಗಳಲ್ಲಿ. ಹಂಬಕರ್ ಅಂದರೆ ಅದೇ.

ಆದರೆ ಟೆಲಿಗೆ ದೊಡ್ಡ ಹಂಬಕರ್ ಹಾಕಿಸಿದರೆ ಆ ಟಣ್ ಅನ್ನುವ ದನಿ ಹೋಗುತ್ತದೆ, ಜೊತೆಗೆ ಮರ ಕೊರೆಯಬೇಕು. ಸಾಲ ಮಾಡಿ ತಂದ ಟೆಲಿಯನ್ನು ಟೆಲಿ ಅಲ್ಲದ ಹಾಗೆ ಮಾಡಿಕೊಳ್ಳುವುದು ಯಾಕೆ? ಸಿಂಗಲ್ ಕಾಯಿಲ್ ಅಳತೆಯಲ್ಲೇ, ಒಳಗೆ ಎರಡು ಕಾಯಿಲ್ ಇರುವ ಪಿಕಪ್ ಬರುತ್ತವೆ, ಇದ್ದ ಜಾಗದಲ್ಲೇ ಕೂರುತ್ತವೆ. ಅದಕ್ಕೂ ಮೊದಲು ಒಳಗಿನ ಗುಂಡಿಗಳಿಗೆ ತಾಮ್ರದ ಟೇಪ್ ಅಂಟಿಸಿ, ತುಂಡುಗಳನ್ನೆಲ್ಲ ಒಂದಕ್ಕೊಂದು ಸೇರಿಸಿ ಗ್ರೌಂಡ್‌ಗೆ ಸೋಲ್ಡರ್ ಮಾಡಿಸಿ. ಗುಂಯ್ ಪೂರ್ತಿ ಹೋಗಲ್ಲ, ಚರಚರ ಅನ್ನುವುದು ಎಷ್ಟೋ ತಗ್ಗುತ್ತದೆ. ಒಂದು ಪರೀಕ್ಷೆ: ತಂತಿ ಮುಟ್ಟಿದಾಗ ಶಬ್ದ ಕಡಿಮೆ ಆದರೆ ಗಿಟಾರ್ ಸರಿ ಇದೆ ಅಂತ ಅರ್ಥ. ಮುಟ್ಟಿದಾಗ ಜಾಸ್ತಿ ಆದರೆ ಎಲ್ಲೋ ಗ್ರೌಂಡ್ ವೈರ್ ಬಿಟ್ಟಿದೆ.

ಪ್ರಶ್ನೆ: ನಮ್ಮ ಯಜಮಾನರು ಅಡಿಕೆ ದುಡ್ಡಲ್ಲಿ ಒಂದು ಫೆಂಡರ್ ಗಿಟಾರ್ ತರಿಸಿದ್ದಾರೆ. ನೋಡಿದರೆ ಬಣ್ಣ ಕಿತ್ತುಹೋಗಿದೆ, ಸ್ಕ್ರೂ ತುಕ್ಕು ಹಿಡಿದಿದೆ. ಮೋಸ ಹೋದಿರಿ ಅಂದರೆ, ಇಲ್ಲ, ಹೀಗೆ ಇರುವುದಕ್ಕೇ ಜಾಸ್ತಿ ದುಡ್ಡು ಅಂತಾರೆ. ನಿಜವಾ?
– ಗೃಹಿಣಿ, ಚನ್ನಗಿರಿ ತಾಲ್ಲೂಕು

ಉತ್ತರ: ನಿಜ ಅಕ್ಕಾ. ನಗಬೇಡಿ. ಫೆಂಡರ್ ಕಂಪನಿ 1987ರಲ್ಲಿ ಕಸ್ಟಮ್ ಶಾಪ್ ಅಂತ ಬೇರೆಯೇ ವಿಭಾಗ ಶುರು ಮಾಡಿತು. ಅಲ್ಲಿ ಕೆಲವೇ ಕುಶಲ ಕೆಲಸಗಾರರು ಗಿರಾಕಿ ಕೇಳಿದ ಹಾಗೆ ಗಿಟಾರ್ ಮಾಡಿಕೊಡುತ್ತಾರೆ. 1995ರಲ್ಲಿ ಅವರೇ ರೆಲಿಕ್ ಅಂತ ತಂದರು. ಹೊಸ ಗಿಟಾರನ್ನೇ ಮೂವತ್ತು–ನಲವತ್ತು ವರ್ಷ ನುಡಿಸಿದ ಹಾಗೆ ಕಾಣುವಂತೆ ಬೇಕಂತಲೇ ಸವೆಸಿ ಕೊಡುವುದು. ಹೊಸ ಗಿಟಾರಿನ ಚೂಪು ಅಂಚು ಇರಲ್ಲ, ಕತ್ತು ಕೈಗೆ ಹಳೆಯ ಕುಡುಗೋಲಿನ ಹಿಡಿಯಷ್ಟು ನುಣುಪು. ಅದು ಬಿಟ್ಟರೆ ಉಳಿದದ್ದು ಶೋಕಿ. ನನಗೆ ಕೇಳಿದರೆ ಗೀರು ತಾನಾಗಿ ಬೀಳಬೇಕು, ದುಡ್ಡು ಕೊಟ್ಟು ಬೀಳಿಸಿಕೊಳ್ಳುವುದು ನನಗೆ ಸೇರಲ್ಲ. ನಿಮ್ಮ ಯಜಮಾನರಿಗೆ ಸೇರುತ್ತದೆ, ನುಡಿಸುವವರು ಅವರು.

ಆದರೆ ಒಂದು ಕೆಲಸದಲ್ಲಿ ನೀವು ಅವರಿಗೆ ಸಹಾಯ ಮಾಡಬಹುದು. ಇಂಥ ಗಿಟಾರಿಗೆ ಬಹುಪಾಲು ನೈಟ್ರೋಸೆಲ್ಯುಲೋಸ್ ಪಾಲಿಶ್ ಇರುತ್ತದೆ. ತೆಳುವಾಗಿರುತ್ತದೆ, ಸೂಕ್ಷ್ಮ. ರಬ್ಬರ್ ಇರುವ ಸ್ಟ್ಯಾಂಡಿನಲ್ಲಿ ತಿಂಗಳುಗಟ್ಟಲೆ ಇಟ್ಟರೆ ರಬ್ಬರ್ ತಾಗಿದ ಕಡೆ ಪಾಲಿಶ್ ಕರಗಿ ಅಂಟಾಗುತ್ತದೆ. ಹಳೆಯ ಹತ್ತಿ ಪಂಚೆ ಹರಿದು ಸ್ಟ್ಯಾಂಡಿಗೆ ಸುತ್ತಿಬಿಡಿ. ಸಂಜೆ ತೋಟದಿಂದ ಬಂದು ಸೊಳ್ಳೆ ಕ್ರೀಮ್ ಹಚ್ಚಿದ ಕೈಯಲ್ಲಿ ಗಿಟಾರ್ ಮುಟ್ಟಲು ಬಿಡಬೇಡಿ, ಅದರಲ್ಲಿರುವ ಡೀಟ್ ಈ ಪಾಲಿಶನ್ನೂ ಪ್ಲಾಸ್ಟಿಕ್ಕನ್ನೂ ತಿನ್ನುತ್ತದೆ. ಕೈ ತೊಳೆದು ಬನ್ನಿ ಅಂತ ಹೇಳುವ ಅಧಿಕಾರ ನಿಮಗೆ ಸಿಕ್ಕಿತು.

ಪ್ರಶ್ನೆ: ಮನೆಯಲ್ಲಿ ಹಳೆಯ ಸಾಗುವಾನಿ ಬಾಗಿಲು ಇದೆ, ಪರಿಚಯದ ಬಡಗಿ ಇದ್ದಾರೆ. ಅದರಲ್ಲೇ ಒಂದು ಕಸ್ಟಮ್ ಗಿಟಾರ್ ಮಾಡಿಸಿ ಒಳ್ಳೆಯ ಪಿಕಪ್, ಬ್ರಿಡ್ಜ್ ಹಾಕಿಸಬೇಕು ಅಂತ ಆಸೆ. ಆಗುತ್ತಾ? ಬೀಟೆ ಮರ ಆದರೆ ಇನ್ನೂ ಚೆನ್ನಾ?
– ಚಳ್ಳಕೆರೆ

ಉತ್ತರ: ಆಗುತ್ತೆ! ಈ ಪತ್ರ ಓದಿ ನನಗೇ ಕೈ ತುರಿಸಿತು. ಎಲೆಕ್ಟ್ರಿಕ್ ಗಿಟಾರಿನ ಬಾಡಿ ಅಂದರೆ ಗಟ್ಟಿ ಹಲಗೆ. ಲಿಯೋ ಫೆಂಡರ್ ಕ್ಯಾಲಿಫೋರ್ನಿಯಾದ ಫುಲ್ಲರ್ಟನ್‌ನಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದವರು, ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಹಲಗೆಯಂಥ ಬಾಡಿಗೆ ಕತ್ತನ್ನು ನಾಲ್ಕು ಸ್ಕ್ರೂ ಹಾಕಿ ಬಿಗಿದರು. ಕತ್ತು ಕೆಟ್ಟರೆ ಬಿಚ್ಚಿ ಬೇರೆ ಹಾಕು, ಅಷ್ಟೇ. 1950ರಲ್ಲಿ ಬ್ರಾಡ್‌ಕಾಸ್ಟರ್, 1951ರಲ್ಲಿ ಅದಕ್ಕೇ ಟೆಲಿಕಾಸ್ಟರ್ ಅಂತ ಹೆಸರು, 1954ರಲ್ಲಿ ಸ್ಟ್ರಾಟೋಕಾಸ್ಟರ್. ಇವತ್ತು ನಾವು ಬಿಚ್ಚಿ ಕಟ್ಟಿ ಆಡುತ್ತಿರುವುದೆಲ್ಲ ಆ ರಿಪೇರಿಯವರ ಬುದ್ಧಿಯಿಂದಲೇ.

ಹಳೆ ಬಾಗಿಲಿನ ಲಾಭ ಅಂದರೆ ಮರ ಚೆನ್ನಾಗಿ ಒಣಗಿರುತ್ತದೆ, ತಿರುಚಿಕೊಳ್ಳುವ ಭಯ ಕಡಿಮೆ. ಕಷ್ಟ ಅಂದರೆ ಮೊಳೆ. ಬಡಗಿಯ ರೌಟರ್ ಬ್ಲೇಡ್ ಒಂದು ಮುರಿದ ಮೊಳೆಗೆ ತಾಗಿದರೆ ಬ್ಲೇಡೂ ಹೋಯಿತು, ಸ್ನೇಹವೂ ಹೋಯಿತು. ಮೊದಲೇ ಅಯಸ್ಕಾಂತ ಆಡಿಸಿ ನೋಡಿ. ಸಾಗುವಾನಿ ಸ್ವಲ್ಪ ತೂಕ. ಸ್ಟ್ರಾಟ್ ಸುಮಾರು ಮೂರೂವರೆ ಕೆ.ಜಿ. ಇರುತ್ತದೆ, ಲೆಸ್ ಪಾಲ್ ನಾಲ್ಕು ದಾಟುತ್ತದೆ. ನಿಮ್ಮದು ಅದಕ್ಕಿಂತ ಭಾರ ಆಗದ ಹಾಗೆ ಒಳಗೆ ಸ್ವಲ್ಪ ಟೊಳ್ಳು ಮಾಡಿಸಬಹುದು. ವೀಣೆಗೆ, ಮೃದಂಗಕ್ಕೆ ಬಳಸುವ ಹಲಸನ್ನೂ ಯೋಚಿಸಿ. ಹಳದಿ ಬಣ್ಣ ವರ್ಷ ಕಳೆದಂತೆ ಕಂದಾಗುತ್ತದೆ, ನೋಡೋಕೆ ಬಲು ಚೆಂದ.

ಕತ್ತು ಮಾತ್ರ ಬಡಗಿಗೆ ಕೊಡಬೇಡಿ. ಫ್ರೆಟ್‌ನ ಸ್ಥಾನ ಕೂದಲೆಳೆ ತಪ್ಪಿದರೂ ಅಪಸ್ವರ. ಒಳ್ಳೆಯ ಕಂಪನಿಯ ಸಿದ್ಧ ಕತ್ತು ತರಿಸಿ, ಬಾಡಿಯ ಗುಂಡಿಯನ್ನು ಅದರ ಬುಡದ ಅಳತೆಗೇ ತೆಗೆಸಿ. ಕತ್ತು ಒತ್ತಿ ಕೂರಬೇಕು, ಅಲ್ಲಾಡಬಾರದು. ಬ್ರಿಡ್ಜ್ ಎಲ್ಲಿ ಕೂರಬೇಕು ಅನ್ನುವುದು ಕತ್ತಿನ ಮೇಲೆ ನಿಂತಿದೆ. ಫೆಂಡರ್ ಅಳತೆಯ ಕತ್ತಾದರೆ ನಟ್‌ನಿಂದ ಬ್ರಿಡ್ಜ್‌ಗೆ 25.5 ಇಂಚು. ಬಡಗಿಗೆ ಬಾಯಲ್ಲಿ ಹೇಳಬೇಡಿ, ಪ್ಲೈವುಡ್‌ನಲ್ಲಿ ಅಚ್ಚು ಮಾಡಿ ಕೊಡಿ.

ಬೀಟೆ ಬಾಡಿಗೆ ತೀರಾ ಭಾರ, ಅದು ಫಿಂಗರ್‌ಬೋರ್ಡ್‌ಗೆ ಸರಿ. ಗೊತ್ತಾ, ಅಮೆರಿಕ, ಜಪಾನಿನ ಎಷ್ಟೋ ಗಿಟಾರುಗಳ ಕತ್ತಿನ ಮೇಲೆ ಇರುವುದು ನಮ್ಮ ದಕ್ಷಿಣ ಭಾರತದ ಬೀಟೆಯೇ. 2017ರಲ್ಲಿ ಬೀಟೆಯ ಇಡೀ ಕುಲವನ್ನೇ ಸೈಟಿಸ್ ಅನ್ನುವ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಗೆ ಸೇರಿಸಿದಾಗ ಗಿಟಾರ್ ಕಂಪನಿಗಳೆಲ್ಲ ಕಾಗದಪತ್ರದಲ್ಲಿ ಮುಳುಗಿದವು. 2019ರ ಕೊನೆಗೆ ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ನಮ್ಮಲ್ಲಿ ಬೀಟೆ ಕಡಿಯಲು, ಸಾಗಿಸಲು ಅರಣ್ಯ ಇಲಾಖೆಯ ಅನುಮತಿ ಬೇಕು. ಯಾರೋ ಮಲೆನಾಡಿನಿಂದ ಕಡಿಮೆಗೆ ತಂದುಕೊಡ್ತೀನಿ ಅಂದರೆ ಬೇಡ ಅನ್ನಿ.

ಪ್ರಶ್ನೆ: ಅಮೆರಿಕದಿಂದ ಮಗ ಟ್ಯೂಬ್ ಆಂಪ್ ತರ್ತಿದ್ದಾನೆ. ಪಿನ್ ಬದಲಾಯಿಸಿದರೆ ಸಾಕಾ?
– ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ಖಂಡಿತ ಬೇಡ. ಅಲ್ಲಿಯದು 120 ವೋಲ್ಟ್, ನಮ್ಮದು 230. ಪಿನ್ ಬದಲಾಯಿಸಿ ಚುಚ್ಚಿದರೆ ಫ್ಯೂಸ್ ಹೋಗಿ ಬಚಾವಾಗುವುದು ಅದೃಷ್ಟ. ಹಿಂದೆ ವೋಲ್ಟೇಜ್ ಬದಲಿಸುವ ಸ್ವಿಚ್ ಇದೆಯಾ ನೋಡಲು ಮಗನಿಗೆ ಹೇಳಿ. ಇಲ್ಲದಿದ್ದರೆ, ಆಂಪ್‌ನ ಹಿಂದೆ ಬರೆದಿರುವ ವ್ಯಾಟ್‌ಗಿಂತ ಸಾಕಷ್ಟು ಹೆಚ್ಚು ತಾಳುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಅದರಲ್ಲಿ ಅರ್ಥಿಂಗ್ ಪಿನ್ ಇರಲೇಬೇಕು. ಇನ್ನೂ ಕೊಂಡಿಲ್ಲ ಅಂದರೆ ಇಲ್ಲೇ ತಗೊಳ್ಳೋದು ವಾಸಿ.

ಪ್ರಶ್ನೆ: ಆನ್‌ಲೈನಿನಲ್ಲಿ ಒಬ್ಬರು ಸೆಕೆಂಡ್ ಹ್ಯಾಂಡ್ ಲೆಸ್ ಪಾಲ್ ಅರ್ಧ ಬೆಲೆಗೆ ಕೊಡ್ತೀನಿ ಅಂತಿದ್ದಾರೆ. ಫೋಟೋ ನೋಡಿ ಅಸಲಿ ಅಂತ ಹೇಳಬಹುದಾ?
– ಹೊಳಲ್ಕೆರೆ

ಉತ್ತರ: ಫೋಟೋ ನೋಡಿ ನಕಲಿ ಅಂತ ಹೇಳಬಹುದು, ಅಸಲಿ ಅಂತ ಹೇಳೋಕಾಗಲ್ಲ. ಗಿಟಾರಿನ ತಲೆಯ ಮೇಲೆ ಗಂಟೆ ಆಕಾರದ ಸಣ್ಣ ಮುಚ್ಚಳ ಇರುತ್ತದೆ. ಗಿಬ್ಸನ್‌ನದು ಎರಡು ಸ್ಕ್ರೂ. ಮೂರು ಇದ್ದರೆ ಅಲ್ಲೇ ಬಿಡಿ. ಆ ಮುಚ್ಚಳ ತೆಗೆದರೆ ಒಳಗೆ ಟ್ರಸ್ ರಾಡಿನ ಹಿತ್ತಾಳೆ ಬಣ್ಣದ ನಟ್ ಕಾಣಬೇಕು, ಅದಕ್ಕೆ ಬಾಕ್ಸ್ ಸ್ಪ್ಯಾನರ್ ಬೇಕು. ಅಲೆನ್ ಕೀ ಹಾಕುವ ತೂತು ಕಂಡರೆ ನಕಲಿ. ಸೀರಿಯಲ್ ನಂಬರ್ ಇದೆ ಅಂತ ನಂಬಬೇಡಿ, ನಂಬರ್ ಯಾರು ಬೇಕಾದರೂ ಒತ್ತಬಹುದು.

ಅಸಲಿಯೇ ಆಗಿದ್ದರೂ ತಲೆ ಹಿಂಭಾಗ ನೋಡದೆ ದುಡ್ಡು ಕೊಡಬೇಡಿ. ಲೆಸ್ ಪಾಲ್‌ನ ತಲೆ ಹಿಂದಕ್ಕೆ ಸುಮಾರು 17 ಡಿಗ್ರಿ ಬಾಗಿರುತ್ತದೆ, ಬಿದ್ದರೆ ತಂತಿ ಕೂರುವ ನಟ್‌ನ ಹಿಂದೆಯೇ ಮುರಿಯುವುದು. ಅಂಟಿಸಿ ಬಣ್ಣ ಹೊಡೆದಿದ್ದರೆ ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿಯಿರಿ, ಗೆರೆ ಕಾಣುತ್ತದೆ. ಚೆನ್ನಾಗಿ ಅಂಟಿಸಿದ ಗಿಟಾರ್ ನುಡಿಸೋಕೆ ಏನೂ ತೊಂದರೆ ಇಲ್ಲ. ಸಂಗ್ರಹಕ್ಕೆ ಅಲ್ಲ, ನುಡಿಸೋಕೆ ಅಂತಲೇ ಇದ್ದರೆ ಅಂಥದ್ದನ್ನು ಚೌಕಾಶಿ ಮಾಡಿ ತಗೊಳ್ಳುವುದು ಜಾಣತನ. ಮುಚ್ಚಿಟ್ಟು ಮಾರಿದರೆ ಅದು ಮೋಸ, ಹೇಳಿ ಮಾರಿದರೆ ವ್ಯಾಪಾರ.

ಪ್ರಶ್ನೆ: ಮಗ ಡಿಗ್ರಿ ಓದುತ್ತಿದ್ದಾನೆ. ಅವನಜ್ಜ ಆಸೆಪಟ್ಟು ಕೊಡಿಸಿದ ಪಿಆರ್‌ಎಸ್ ಗಿಟಾರಿಗೆ ಫ್ಲಾಯ್ಡ್ ರೋಸ್ ಅಂತ ಏನೋ ಹಾಕಿಸಬೇಕಂತೆ. ಅದಕ್ಕೆ ಗಿಟಾರ್ ಕೊರೆಯಬೇಕಂತೆ. ನನಗೆ ಹೊಟ್ಟೆ ಉರಿಯುತ್ತದೆ. ಬೇಡ ಅಂದರೆ ಹಳೆ ಕಾಲದವರು ಅಂತಾನೆ. ನೀವೇ ಹೇಳಿ.
– ನಿಜಲಿಂಗಪ್ಪ ಬಡಾವಣೆ, ದಾವಣಗೆರೆ

ಉತ್ತರ: ಮಗನ ಆಸೆ ತಪ್ಪಲ್ಲ ಸರ್. ಫ್ಲಾಯ್ಡ್ ರೋಸ್ ಅಂದರೆ ತಂತಿಯನ್ನು ಎರಡೂ ತುದಿಯಲ್ಲಿ ಬಿಗಿದು ಹಿಡಿಯುವ ಬ್ರಿಡ್ಜ್. ಅದರ ಕೋಲನ್ನು ಎಷ್ಟು ಅಲುಗಾಡಿಸಿದರೂ ಶ್ರುತಿ ಜಾಗಕ್ಕೆ ಬರುತ್ತದೆ. ಮಜಾ ಇರುತ್ತದೆ. ಆದರೆ ಅದನ್ನು ಕೂರಿಸಲು ಬಾಡಿಯಲ್ಲಿ ದೊಡ್ಡ ಗುಂಡಿ ತೆಗೆಯಬೇಕು, ನಟ್ ಇರುವ ಕಡೆ ಕತ್ತನ್ನೂ ಕೊರೆಯಬೇಕು. ಇದು ನಾನು ಮೇಲೆ ಹೇಳಿದ ಉಳಿ, ಡ್ರಿಲ್ ಕೆಲಸ. ನನ್ನ ಬೆಂಚಿಗೆ ತಂದರೆ ನಾನಂತೂ ಮಾಡಿಕೊಡಲ್ಲ.

ಜಗಳ ಬೇಡ, ಹೀಗೆ ಮಾಡಿ. ಕಾರ್ಖಾನೆಯಲ್ಲೇ ಫ್ಲಾಯ್ಡ್ ರೋಸ್ ಕೂರಿಸಿದ ಸೆಕೆಂಡ್ ಹ್ಯಾಂಡ್ ಗಿಟಾರುಗಳು ಬೇಕಾದಷ್ಟು ಸಿಗುತ್ತವೆ, ಐಬನೇಜ್, ಜಾಕ್ಸನ್ ಥರದ್ದು. ಅದೊಂದು ಕೊಡಿಸಿ, ಅದನ್ನು ಅವನು ಬಿಚ್ಚಲಿ, ಕೊರೆಯಲಿ, ಹಸಿರು ಬಣ್ಣ ಹೊಡೆಯಲಿ. ಅದರ ತಂತಿ ಬದಲಾಯಿಸಲು ಎಷ್ಟು ಹೊತ್ತು ಬೇಕು, ಒಂದು ತಂತಿ ಕಿತ್ತರೆ ಉಳಿದ ಐದೂ ಹೇಗೆ ಶ್ರುತಿ ತಪ್ಪುತ್ತವೆ ಅಂತ ಅವನಿಗೇ ಗೊತ್ತಾಗುತ್ತದೆ. ಅಜ್ಜನ ಗಿಟಾರಿಗೆ ಬದಲಾವಣೆ ಬೇಕೇ ಬೇಕು ಅಂದರೆ ಲಾಕಿಂಗ್ ಟ್ಯೂನರ್ (ತಂತಿಯನ್ನು ಜಾರದ ಹಾಗೆ ಬಿಗಿದು ಹಿಡಿಯುವ ಶ್ರುತಿ ಕಿವಿ) ಇದೆಯಾ ನೋಡಲಿ, ಇಲ್ಲದಿದ್ದರೆ ಇರುವ ತೂತಿಗೇ ಕೂರುವಂಥದ್ದು ಹಾಕಿಸಲಿ. ಹಳೆ ಟ್ಯೂನರ್‌ಗಳನ್ನು ಕವರ್‌ನಲ್ಲಿ ಹಾಕಿ ನಿಮ್ಮ ಬೀರುವಿನಲ್ಲಿ ಇಟ್ಟುಕೊಳ್ಳಿ, ಅವನ ರೂಮಿನಲ್ಲಿ ಬೇಡ.